ಮನೆಯೊಳಗೆ ಉಳಿದ ಕುಣಿತ

ಹುಲಾ ಎಂಬ ಹೆಸರು ನಿಮಗೆ ಹೊಸದಾಗಿರಲಾರದು. ಹೆಸರು ಕಿವಿಗೆ ಬಿದ್ದೊಡನೆ ತೆಂಗಿನ ಮರಗಳ ಸಾಲು, ನೀಲಿ ಕಡಲು, ಕೊರಳಲ್ಲಿ ಹೂಮಾಲೆ, ನಡುವಿಗೆ ಹುಲ್ಲಿನ ಲಂಗ, ಇವೆಲ್ಲದರ ಮಧ್ಯೆ ಸೊಂಟ ಬಳುಕಿಸುವ ತರುಣಿಯೊಬ್ಬಳ ಚಿತ್ರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಚಿತ್ರವೂ ಸೇರಿಕೊಂಡಿದೆ. ವ್ಯಾಯಾಮಶಾಲೆಗೆ ಹೋಗಲು ಬಿಡುವಿಲ್ಲದವರು, ಒಂದೇ ದಾರಿಯ ಬೆಳಗಿನ ನಡಿಗೆಗೆ ಬೇಸತ್ತವರು, ಮನೆಯ ನಡುಕೋಣೆಯಲ್ಲಿ ಕುರ್ಚಿಗಳನ್ನು ಬದಿಗೆ ಸರಿಸಿ, ಕೈಫೋನನ್ನು ಗೋಡೆಗೆ ಒರಗಿಸಿಟ್ಟು, ಅದರ ತೆರೆಯ ಮೇಲೆ ಮೂಡುವ ಪಾಠವನ್ನು ನೋಡುತ್ತ ಅರ್ಧ ಗಂಟೆ ಹುಲಾ ಆಡುತ್ತಾರೆ. ಮೈ ಬೆವರುತ್ತದೆ, ಮನಸ್ಸು ಹಗುರಾಗುತ್ತದೆ, ಖರ್ಚೂ ಇಲ್ಲ.

ಒಳ್ಳೆಯದೇ. ಆದರೆ ಮನೆಯಲ್ಲಿ ಈ ಕುಣಿತವನ್ನು ಆಡಿ ನೋಡಬೇಕೆಂದಿರುವವರು ಅದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ, ಕಲಿಯುವುದು ಸುಲಭವಾಗುತ್ತದೆ. ಕಲಿತದ್ದಕ್ಕೆ ಅರ್ಥವೂ ಬರುತ್ತದೆ. ಹುಲಾಕ್ಕೂ ಮನೆಗೂ ಇರುವ ನಂಟು ಕೈಫೋನು ಬಂದ ಮೇಲೆ ಹುಟ್ಟಿದ್ದಲ್ಲ. ಆಳುವವರ ಆಜ್ಞೆ ಅದನ್ನು ಬಯಲಿನಿಂದ ಓಡಿಸಿದಾಗ, ಪ್ರವಾಸಿಗಳ ಕಣ್ಣಿಗಾಗಿ ಅದರ ರೂಪ ಕೆಟ್ಟಾಗ, ಆ ವಿದ್ಯೆಯನ್ನು ಕಾಪಾಡಿದ್ದು ಹವಾಯಿಯ ಮನೆಗಳು. ಅದರಲ್ಲಿಯೂ ಅಲ್ಲಿನ ಅಜ್ಜಿಯರು. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಹವಾಯಿ ಎಂಬುದು ಶಾಂತಸಾಗರದ ನಡುವೆ ಒಂಟಿಯಾಗಿರುವ ದ್ವೀಪಗಳ ಮಾಲೆ. ಮುಖ್ಯವಾದವು ಎಂಟು. ಅಮೆರಿಕದ ಕ್ಯಾಲಿಫೋರ್ನಿಯ ತೀರಕ್ಕೆ ಅಲ್ಲಿಂದ ಸುಮಾರು 3,800 ಕಿಲೋಮೀಟರು. ಹೆಚ್ಚು ಕಡಿಮೆ ಒಂದು ಸಾವಿರ ವರ್ಷಗಳ ಹಿಂದೆ ದಕ್ಷಿಣದ ಪಾಲಿನೇಷ್ಯ ದ್ವೀಪಗಳ ಜನ ಜೋಡಿ ದೋಣಿಗಳಲ್ಲಿ, ನಕ್ಷತ್ರಗಳನ್ನೂ ಅಲೆಗಳನ್ನೂ ನೋಡಿ ದಾರಿ ಹಿಡಿದು, ಅಲ್ಲಿಗೆ ಬಂದು ನೆಲಸಿದರು. ಅವರಿಗೆ ಲಿಪಿ ಇರಲಿಲ್ಲ. ಲಿಪಿ ಇಲ್ಲದವರಿಗೆ ಚರಿತ್ರೆ ಇಲ್ಲವೆಂದು ತಿಳಿಯಬಾರದು. ಅರಸರ ವಂಶಾವಳಿ, ದೇವತೆಗಳ ಕಥೆ, ಒಂದೊಂದು ಕಣಿವೆಯ ಗಾಳಿಗೂ ಮಳೆಗೂ ಇದ್ದ ಬೇರೆ ಬೇರೆ ಹೆಸರು, ಎಲ್ಲವನ್ನೂ ಅವರು ಹಾಡುಗಳಲ್ಲಿ ಕಟ್ಟಿ ಬಾಯಿಪಾಠ ಮಾಡಿ ಇಟ್ಟಿದ್ದರು. ಇಂಥ ಹಾಡಿಗೆ ಅವರ ಮಾತಿನಲ್ಲಿ ಮೆಲೆ ಎಂದು ಹೆಸರು. ಜಗತ್ತಿನ ಹುಟ್ಟನ್ನು ಹೇಳುವ ಕುಮುಲಿಪೊ ಎಂಬ ಮೆಲೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ಸಾಲುಗಳಿವೆ. ಮೆಲೆಯನ್ನು ಮೈಯಿಂದ ಹೇಳುವುದೇ ಹುಲಾ. ಹಾಡಿಲ್ಲದೆ ಹುಲಾ ಇಲ್ಲ. ಮಾತಿಲ್ಲದ ತಾಳಕ್ಕೆ ಸೊಂಟ ಆಡಿಸಿದರೆ ಹವಾಯಿಯ ಹಿರಿಯರು ಅದನ್ನು ಹುಲಾ ಎನ್ನುವುದಿಲ್ಲ.

ಈ ಕುಣಿತ ಹುಟ್ಟಿದ ಬಗೆಯನ್ನು ಹೇಳುವ ಕಥೆಗಳು ಒಂದೆರಡಲ್ಲ. ಅಗ್ನಿಪರ್ವತದ ಒಡತಿ ಪೆಲೆ ಎಂಬ ದೇವಿ. ಅವಳ ಮುದ್ದಿನ ತಂಗಿ ಹಿಇಯಾಕ. ಹಿಇಯಾಕಳ ಗೆಳತಿ ಹೋಪೊಯೆ ಎಂಬವಳು ಪೂನ ಎಂಬ ಸೀಮೆಯ ಕಡಲ ದಂಡೆಯಲ್ಲಿ ಕುಣಿದು ತೋರಿಸಿದಳೆಂದು ಒಂದು ಕಥೆ. ಮೊಲೊಕಾಯಿ ದ್ವೀಪದವರು ಹುಲಾ ಹುಟ್ಟಿದ್ದು ತಮ್ಮ ಕಾಆನ ಬೆಟ್ಟದ ಮೇಲೆ ಎನ್ನುತ್ತಾರೆ. ಎಲ್ಲ ದ್ವೀಪದವರೂ ಒಪ್ಪುವ ಅಧಿದೇವತೆ ಲಾಕ, ಕಾಡಿನ ಹಸುರಿನ ದೇವಿ. ಹಿಂದೆ ಹುಲಾ ಕಲಿಯುವ ಶಾಲೆಯಲ್ಲಿ ಲಾಕಳಿಗೆ ಒಂದು ಜಗಲಿ ಕಟ್ಟಿ, ಕಾಡಿನಿಂದ ತಂದ ಬಳ್ಳಿ ಸೊಪ್ಪು ಹೂವುಗಳಿಂದ ಅದನ್ನು ಸಿಂಗರಿಸುತ್ತಿದ್ದರು. ಶಾಲೆಗೆ ಹಾಲೌ ಎಂದೂ ಗುರುವಿಗೆ ಕುಮು ಎಂದೂ ಹೆಸರು. ಕಲಿಯುವಷ್ಟು ಕಾಲ ಶಿಷ್ಯರಿಗೆ ಊಟ ಉಡಿಗೆ ನಡತೆಗಳಲ್ಲಿ ಕಟ್ಟುಪಾಡುಗಳಿದ್ದುವು. ಬಾಗಿಲಲ್ಲಿ ನಿಂತು ಹಾಡಿ ಅಪ್ಪಣೆ ಬೇಡಿ, ಒಳಗಿನಿಂದ ಗುರುವಿನ ಉತ್ತರ ಬಂದ ಮೇಲೆಯೇ ಒಳಗೆ ಹೋಗಬೇಕು. ಈ ಪದ್ಧತಿ ಎಷ್ಟೋ ಹಾಲೌಗಳಲ್ಲಿ ಇಂದಿಗೂ ಇದೆ. ಗೆಜ್ಜೆಗೆ ನಮಸ್ಕರಿಸಿ ಹೆಜ್ಜೆ ಇಡುವ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಹುಲಾದ ವಾದ್ಯಗಳೂ ಸೊಗಸು. ಎರಡು ಒಣ ಬುರುಡೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಇಪು. ಅದನ್ನು ನೆಲಕ್ಕೆ ಕುಟ್ಟಿ, ಕೈಯಿಂದ ತಟ್ಟಿ ನುಡಿಸುತ್ತಾರೆ. ಶಾರ್ಕ್ ಮೀನಿನ ಚರ್ಮ ಹೊದಿಸಿದ ಮರದ ಮದ್ದಳೆ ಪಹು. ಇದು ಗಂಭೀರವಾದ, ದೇವರ ಕುಣಿತಗಳಿಗೆ. ಸೀಳಿದ ಬಿದಿರಿನ ಕೋಲು ಪೂಇಲಿ. ಬೆರಳುಗಳ ನಡುವೆ ಹಿಡಿದು ತಾಳದಂತೆ ಬಡಿಯುವ ಹೊಳೆಯ ಕಲ್ಲುಗಳಿಗೆ ಇಲಿಇಲಿ ಎಂದು ಹೆಸರು. ನಗಬೇಡಿ, ಅವರ ಮಾತಿನಲ್ಲಿ ಅದಕ್ಕೆ ಬೆಣಚುಕಲ್ಲೆಂದೇ ಅರ್ಥ. ಗರಿ ಕಟ್ಟಿದ ಗಿಲಕಿಗೆ ಉಲಿಉಲಿ ಎನ್ನುತ್ತಾರೆ. ಉಲಿಯುವುದಕ್ಕೆ ಉಲಿ ಎನ್ನುವ ಕನ್ನಡದ ಕಿವಿಗೆ ಇದು ನಮ್ಮದೇ ಪದದಂತೆ ಕೇಳುತ್ತದೆ. ಆದರೆ ಎರಡು ಭಾಷೆಗಳಿಗೂ ಸಂಬಂಧವಿಲ್ಲ, ಬರಿಯ ಕಾಕತಾಳೀಯ.

ಇನ್ನು ಕುಣಿತದ ಅಂಗಗಳು. ಕಾಲು ತಾಳವನ್ನು ಹಿಡಿಯುತ್ತದೆ, ಸೊಂಟ ಆ ತಾಳದ ಜೊತೆ ತಾನಾಗಿ ತೂಗುತ್ತದೆ, ಕಥೆ ಹೇಳುವುದು ಮಾತ್ರ ಕೈ. ಬೆರಳುಗಳು ಮಿಡಿಯುತ್ತ ಕೆಳಗಿಳಿದರೆ ಮಳೆ. ಅಂಗೈಗಳು ಒಂದರ ಮೇಲೊಂದು ಉರುಳಿದರೆ ಅಲೆ. ಐದು ಬೆರಳ ತುದಿ ಕೂಡಿ ಮೆಲ್ಲನೆ ಅರಳಿದರೆ ಹೂವು. ಅಭಿನಯ ಬಲ್ಲ ನಮ್ಮ ನಾಡಿನ ಪ್ರೇಕ್ಷಕರಿಗೆ ಇದು ಬೇಗ ಹಿಡಿಸುತ್ತದೆ. ಹೊರಗಿನಿಂದ ಬಂದ ಅನೇಕರು ಸೊಂಟವನ್ನಷ್ಟೇ ಕಂಡರು, ಕೈಯನ್ನು ಕಾಣಲಿಲ್ಲ. ಹುಲಾ ಪಟ್ಟ ಪಾಡಿಗೆ ಅರ್ಧ ಕಾರಣ ಇದು.

ಹೊರಗಿನವರಲ್ಲಿ ಮೊದಲು ಬಂದು ಬರೆದಿಟ್ಟವರು ಇಂಗ್ಲೆಂಡಿನ ಕ್ಯಾಪ್ಟನ್ ಜೇಮ್ಸ್ ಕುಕ್ಕನ ಜೊತೆಯವರು. ಕುಕ್ಕನ ಹಡಗುಗಳು 1778ರ ಜನವರಿಯಲ್ಲಿ ಕವಾಯಿ ದ್ವೀಪವನ್ನು ಮುಟ್ಟಿದುವು. ಮರುವರ್ಷ ಫೆಬ್ರುವರಿಯಲ್ಲಿ ಹವಾಯಿ ದ್ವೀಪದ ಕೆಯಾಲಕೆಕುವ ಕೊಲ್ಲಿಯಲ್ಲಿ ನಡೆದ ಜಗಳದಲ್ಲಿ ಕುಕ್ ಹತನಾದ. ಆ ಯಾನದಲ್ಲಿದ್ದ ಚಿತ್ರಗಾರ ಜಾನ್ ವೆಬರ್ ಹುಲಾದ ಒಂದು ಚಿತ್ರ ಬರೆದಿದ್ದಾನೆ. ಅದರಲ್ಲಿ ಕುಣಿಯುತ್ತಿರುವವನು ಗಂಡಸು! ಕೈಯಲ್ಲಿ ಗರಿಯ ಗಿಲಕಿ, ಕಾಲಿಗೆ ನಾಯಿಯ ಹಲ್ಲುಗಳನ್ನು ಸಾಲಾಗಿ ಪೋಣಿಸಿದ ಗೆಜ್ಜೆಪಟ್ಟಿ. ಹುಲ್ಲಿನ ಲಂಗ ಎಲ್ಲಿಯೂ ಇಲ್ಲ. ಆಗ ಹವಾಯಿಯವರು ಉಡುತ್ತಿದ್ದುದು ಮರದ ತೊಗಟೆಯನ್ನು ಬಡಿದು ಮಾಡಿದ ನಾರುಮಡಿ. ಹುಲ್ಲಿನ ಲಂಗವು ನೂರು ವರ್ಷಗಳ ಅನಂತರ, ಗಿಲ್ಬರ್ಟ್ ದ್ವೀಪಗಳಿಂದ ತೋಟದ ಕೂಲಿಗೆ ಬಂದವರ ಜೊತೆಗೆ ಬಂದದ್ದು. ನಮ್ಮ ಮನಸ್ಸಿನ ಚಿತ್ರದಲ್ಲಿ ಅತ್ಯಂತ ಹವಾಯಿಯದೆಂದು ತೋರುವ ವಸ್ತುವೇ ಅಲ್ಲಿಯದಲ್ಲ.

ದ್ವೀಪಗಳನ್ನೆಲ್ಲ ಒಂದುಗೂಡಿಸಿದ ಅರಸು ಮೊದಲನೆಯ ಕಮೆಹಮೆಹ 1819ರಲ್ಲಿ ತೀರಿಕೊಂಡ. ಅದೇ ವರ್ಷ ಅವನ ಮಗನೂ, ಪ್ರಿಯಪತ್ನಿ ಕಾಅಹುಮನುವೂ ಸೇರಿ ಹಳೆಯ ಮಡಿಮೈಲಿಗೆಯ ಕಟ್ಟಳೆಗಳನ್ನು ಮುರಿದರು. ಗಂಡಸರೂ ಹೆಂಗಸರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಾರದೆಂಬುದು ಅವುಗಳಲ್ಲಿ ಒಂದು. ಗುಡಿಗಳು ಬರಿದಾದುವು. ಮರುವರ್ಷ, ಎಂದರೆ 1820ರಲ್ಲಿ, ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಿಂದ ಹೈರಮ್ ಬಿಂಗ್ಹಮ್ ಮೊದಲಾದ ಪಾದ್ರಿಗಳು ಹಡಗಿಳಿದರು. ಅವರಿಗೆ ಹುಲಾದಲ್ಲಿ ಕಂಡದ್ದು ವಿಗ್ರಹಾರಾಧನೆ, ಅರೆಬತ್ತಲೆ ಮೈ, ಕೆಲಸ ಕಳೆಯುವ ಸೋಮಾರಿತನ. ಕಾಅಹುಮನು ರಾಣಿ 1825ರಲ್ಲಿ ಕ್ರೈಸ್ತಳಾದಳು. 1830ರಲ್ಲಿ ಬಹಿರಂಗವಾಗಿ ಹುಲಾ ಆಡಕೂಡದೆಂದು ಆಜ್ಞೆ ಮಾಡಿದಳು.

ಪಾದ್ರಿಗಳ ವಿಷಯದಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹವಾಯಿ ಭಾಷೆಗೆ ಅಕ್ಷರ ಕೂಡಿಸಿ, 1822ರಲ್ಲಿ ಅಚ್ಚಿನ ಕೆಲಸ ಪ್ರಾರಂಭಿಸಿದವರು ಅವರೇ. ಜನ ಓದುಬರಹವನ್ನು ಆಶ್ಚರ್ಯಪಡುವಷ್ಟು ಬೇಗ ಕಲಿತರು. 1834ರಿಂದ ಮುಂದಕ್ಕೆ ಹವಾಯಿ ಭಾಷೆಯ ಪತ್ರಿಕೆಗಳು ಒಂದರ ಹಿಂದೊಂದು ಹೊರಟುವು; ಅವುಗಳ ಒಟ್ಟು ಪುಟಗಳು ಲಕ್ಷಕ್ಕೂ ಮೇಲೆ. ಹಿರಿಯರು ತಮಗೆ ಬಾಯಿಗೆ ಬರುತ್ತಿದ್ದ ಮೆಲೆಗಳನ್ನು ಈ ಪತ್ರಿಕೆಗಳಿಗೆ ಬರೆದು ಕಳುಹಿಸಿದರು. ಹುಲಾವನ್ನು ಅಳಿಸಲು ಬಯಸಿದವರು ಕೊಟ್ಟ ಅಕ್ಷರದಲ್ಲಿಯೇ ಹುಲಾದ ಮಾತುಗಳು ಉಳಿದುಕೊಂಡುವು.

ಮಾತು ಕಾಗದದಲ್ಲಿ ಉಳಿಯಬಹುದು. ಕೈಯ ತಿರುವು, ಮೊಣಕಾಲಿನ ಬಾಗು, ಉಸಿರನ್ನು ಎಲ್ಲಿ ಹಿಡಿಯಬೇಕು ಎಲ್ಲಿ ಬಿಡಬೇಕು ಎಂಬುದು ಉಳಿಯುವುದಿಲ್ಲ. ಅದಕ್ಕೆ ಕಲಿಸುವವರು ಬದುಕಿರಬೇಕು. ಹೊರಗಿನವರ ಹಡಗುಗಳ ಜೊತೆ ಬಂದ ಸಿಡುಬು, ದಡಾರ ಮುಂತಾದ ರೋಗಗಳಿಗೆ ಹವಾಯಿಯ ಜನ ಸಾಲುಸಾಲಾಗಿ ಸತ್ತರು. ಕುಕ್ಕನ ಕಾಲದಲ್ಲಿ ಲಕ್ಷಗಟ್ಟಲೆ ಇದ್ದ ಮೂಲನಿವಾಸಿಗಳು 1890ರ ಜನಗಣತಿಯ ಹೊತ್ತಿಗೆ, ಮಿಶ್ರರಕ್ತದವರನ್ನೂ ಸೇರಿಸಿದರೆ, ಸುಮಾರು 40 ಸಾವಿರಕ್ಕೆ ಇಳಿದಿದ್ದರು. ಒಬ್ಬ ಕುಮು ಸತ್ತರೆ ಅವನ ಮನೆತನದ ಹುಲಾಗಳೂ ಅವನೊಡನೆ ಹೋಗುತ್ತಿದ್ದುವು. ಇಂಥ ಹೊತ್ತಿನಲ್ಲಿಯೂ ಕಾನೂನು ಸುಮ್ಮನಿರಲಿಲ್ಲ. ರಾಣಿ 1832ರಲ್ಲಿ ತೀರಿಕೊಂಡ ಮೇಲೆ ನಿಷೇಧ ಸಡಿಲವಾಯಿತು. ಆದರೆ 1859ರಲ್ಲಿ ಬೇರೊಂದು ಕಾನೂನು ಬಂದು, ದುಡ್ಡು ಪಡೆದು ಆಡುವ ಹುಲಾದ ಒಂದೊಂದು ಪ್ರದರ್ಶನಕ್ಕೂ 10 ಡಾಲರು ಕೊಟ್ಟು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಆ ಕಾಲಕ್ಕೆ ಅದು ಬಡವರ ಕೈಗೆ ಎಟುಕುವ ಹಣವಲ್ಲ.

ಬಯಲು ಮುಚ್ಚಿತು, ಮನೆ ತೆರೆದಿತ್ತು. ಪಟ್ಟಣದಿಂದ ದೂರವಾದ ಹಳ್ಳಿಗಳಲ್ಲಿ, ಕಣಿವೆಗಳ ತಲೆಯಲ್ಲಿ, ಹಿತ್ತಲುಗಳಲ್ಲಿ ಹುಲಾ ನಡೆಯಿತು. ಅಜ್ಜಿ ಮೊಮ್ಮಗಳಿಗೆ ಕಲಿಸಿದಳು. ಹವಾಯಿಯವರಲ್ಲಿ ಒಂದು ಪದ್ಧತಿ ಉಂಟು: ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯರೇ ತಮ್ಮ ಬಳಿ ಇರಿಸಿಕೊಂಡು ಸಾಕುವುದು. ನಡುವಿನ ಒಂದು ತಲೆಮಾರು ಪಾಠಶಾಲೆಯಲ್ಲಿ ಹುಲಾವನ್ನು ಕೀಳೆಂದು ಕಲಿತು ಬಂದರೂ, ವಿದ್ಯೆ ಆ ತಲೆಮಾರನ್ನು ದಾಟಿ ಮೊಮ್ಮಕ್ಕಳಿಗೆ ಮುಟ್ಟಲು ಇದು ಸೇತುವೆಯಾಯಿತು.

ಹುಲಾವನ್ನು ಮತ್ತೆ ಬಯಲಿಗೆ ತಂದವನು ದೊರೆ ಡೇವಿಡ್ ಕಲಾಕವುವ. 1874ರಲ್ಲಿ ಪಟ್ಟಕ್ಕೆ ಬಂದ ಈತ ಸಂಗೀತಪ್ರಿಯ, ಲೋಕ ಬಲ್ಲವನು. ಭೂಮಿಯನ್ನು ಸುತ್ತಿ ಬಂದ ಮೊದಲ ಆಳುವ ಅರಸು ಎಂಬ ಖ್ಯಾತಿ ಇವನದು. 1881ರ ಆ ಯಾತ್ರೆಯಲ್ಲಿ ಜಪಾನ್, ಚೀನ, ಸಯಾಮುಗಳನ್ನು ನೋಡಿಕೊಂಡು ನಮ್ಮ ದೇಶಕ್ಕೂ ಬಂದು, ಕಲ್ಕತ್ತ ಮುಂಬಯಿಗಳನ್ನು ಕಂಡು ಹೋದ. ಊರಿಗೆ ಮರಳಿದ ಮೇಲೆ 1883ರ ಫೆಬ್ರುವರಿಯಲ್ಲಿ ತನ್ನ ಪಟ್ಟಾಭಿಷೇಕವನ್ನು ವೈಭವದಿಂದ ನಡೆಸಿ, ಎರಡು ವಾರಗಳ ಆ ಉತ್ಸವದಲ್ಲಿ ಅರಮನೆಯ ಅಂಗಳದಲ್ಲಿಯೇ ಹುಲಾ ಆಡಿಸಿದ. ಮೂಲೆಮೂಲೆಯ ಹಳ್ಳಿಗಳಿಂದ ವಯಸ್ಸಾದ ಕುಮುಗಳನ್ನು ಕರೆಸಿದ. ಪಾದ್ರಿಗಳ ಕಡೆಯವರು ಕೆರಳಿದರು. ಹುಲಾ ಹಾಡುಗಳ ಪಟ್ಟಿಯನ್ನು ಅಚ್ಚು ಹಾಕಿದ ಮುದ್ರಕರ ಮೇಲೆ ಅಶ್ಲೀಲ ಮುದ್ರಣದ ಮೊಕದ್ದಮೆಯೇ ಹೂಡಲ್ಪಟ್ಟಿತು. ದೊರೆ ಜಗ್ಗಲಿಲ್ಲ; 1886ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ಮತ್ತೆ ಆಡಿಸಿದ. 1879ರಲ್ಲಿ ಪೋರ್ಚುಗಲ್ಲಿನ ಮದೀರ ದ್ವೀಪದಿಂದ ಬಂದ ಕೂಲಿಕಾರರು ತಂದ ಪುಟ್ಟ ತಂತಿವಾದ್ಯವೇ ಹವಾಯಿಯಲ್ಲಿ ಉಕುಲೇಲೆ ಆಯಿತು. ಅದನ್ನೂ ಗಿಟಾರನ್ನೂ ಹಳೆಯ ಹೆಜ್ಜೆಗೆ ಕೂಡಿಸಿದ ಹೊಸ ಬಗೆಯ ಹುಲಾ ಬೆಳೆದದ್ದು ಇವನ ಕಾಲದಲ್ಲಿಯೇ.

ಕಲಾಕವುವ 1891ರಲ್ಲಿ ತೀರಿಕೊಂಡ. ಎರಡೇ ವರ್ಷದಲ್ಲಿ, 1893ರ ಜನವರಿಯಲ್ಲಿ, ಅವನ ತಂಗಿ ಲಿಲಿಉಒಕಲಾನಿ ರಾಣಿಯನ್ನು ವಿದೇಶೀ ವರ್ತಕರೂ ಕಬ್ಬಿನ ತೋಟಗಳ ಒಡೆಯರೂ ಕೂಡಿ ಸಿಂಹಾಸನದಿಂದ ಇಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಬೋಧನೆಯ ಭಾಷೆಯೆಂದು ಕಾನೂನಾಯಿತು. 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದುವು. ಭಾಷೆ ಹೋದರೆ ಮೆಲೆಯ ಅರ್ಥ ಹೋಗುತ್ತದೆ, ಮೆಲೆಯ ಅರ್ಥ ಹೋದರೆ ಕೈ ಮೂಕವಾಗುತ್ತದೆ. ಹೊರಗಿನವರಿಗೆ ಬೇಕಾದದ್ದೂ ಮೂಕವಾದ ಹುಲಾವೇ. ಕಲಾಕವುವನ ಆಸ್ಥಾನದಲ್ಲಿ ಕುಣಿದಿದ್ದ ಜೆನ್ನಿ ವಿಲ್ಸನ್ ಮೊದಲಾದವರು 1893ರ ಶಿಕಾಗೊ ಮೇಳಕ್ಕೆ ಹೋದರು. ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಆ ಮೇಳದ ಅಂಗವಾಗಿಯೇ. ಅಲ್ಲಿ ಹುಲಾ ಒಂದು ಕೌತುಕವಾಯಿತು. ಅಲ್ಲಿಂದ ಮುಂದೆ ಹಾಲಿವುಡ್ ಚಿತ್ರಗಳು, ವೈಕಿಕಿಯ ಹೋಟೆಲುಗಳು, 1937ರಿಂದ 2002ರ ವರೆಗೆ ನಡೆದ ಕೊಡಕ್ ಹುಲಾ ಪ್ರದರ್ಶನ, ಇವೆಲ್ಲವೂ ಸೇರಿ ಲೋಕಕ್ಕೆ ಪರಿಚಯಿಸಿದ್ದು ಸೊಂಟದ ಹುಲಾವನ್ನು. 1958ರಲ್ಲಿ ಅಮೆರಿಕದ ಆಟಿಕೆಯ ಕಂಪನಿಯೊಂದು ಸೊಂಟದಲ್ಲಿ ತಿರುಗಿಸುವ ಪ್ಲಾಸ್ಟಿಕ್ ಬಳೆಗೆ ಹುಲಾ ಹೂಪ್ ಎಂದು ಹೆಸರಿಟ್ಟು ಕೋಟಿಗಟ್ಟಲೆ ಮಾರಿತು. ಆ ಬಳೆಗೂ ಹವಾಯಿಯ ಹುಲಾಕ್ಕೂ ಹೆಸರಲ್ಲದೆ ಬೇರೆ ಸಂಬಂಧವಿಲ್ಲ.

ಬಾನುಲಿಯ ಶ್ರೋತೃಗಳಾದ ನಿಮಗೆ ಈ ಕಥೆಯಲ್ಲಿ ರೇಡಿಯೋದ ಪಾತ್ರವನ್ನು ಹೇಳದಿದ್ದರೆ ಲೋಪವಾದೀತು. 1935ರಲ್ಲಿ ಹೊನೊಲುಲುವಿನಿಂದ ‘ಹವಾಯಿ ಕಾಲ್ಸ್’ ಎಂಬ ಸಾಪ್ತಾಹಿಕ ಕಾರ್ಯಕ್ರಮ ಮೊದಲಾಯಿತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದ್ದೂ ಅದೇ ವರ್ಷ. ‘ಹವಾಯಿ ಕಾಲ್ಸ್’ ಬಿತ್ತರವಾಗುತ್ತಿದ್ದುದು ವೈಕಿಕಿ ದಂಡೆಯ ಮೋವಾನ ಹೋಟೆಲಿನ ಅಂಗಳದಿಂದ. ಅಲ್ಲಿ 1904ರಲ್ಲಿ ನೆಟ್ಟ, ನಮ್ಮ ದೇಶದ ಜಾತಿಯದೇ ಆದ, ಒಂದು ದೊಡ್ಡ ಆಲದ ಮರವಿದೆ. ಅದರ ನೆರಳಿನಲ್ಲಿ ವಾದ್ಯಗಾರರು ಕುಳಿತು ನುಡಿಸುತ್ತಿದ್ದರು. ಅಲೆಗಳ ಸದ್ದನ್ನು ಹಿಡಿಯಲು ಧ್ವನಿವರ್ಧಕವನ್ನು ನೀರಿನ ಅಂಚಿಗೆ ಒಯ್ಯುತ್ತಿದ್ದರು. ನಾಲ್ಕು ದಶಕಗಳ ಕಾಲ, 1975ರ ವರೆಗೆ, ನಡೆದ ಈ ಕಾರ್ಯಕ್ರಮ ಹವಾಯಿಯ ರಾಗವನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಆದರೆ ರೇಡಿಯೋದಲ್ಲಿ ಕೈ ಕಾಣುವುದಿಲ್ಲ. ಹೋಟೆಲಿಗಾಗಿ ಕಟ್ಟಿದ ಇಂಗ್ಲಿಷ್ ಬೆರೆತ ಹಾಡುಗಳೇ ಅದರಲ್ಲಿ ಹೆಚ್ಚು. ಹವಾಯಿಯ ಸಂಗೀತ ನಮ್ಮ ನಾಡನ್ನು ಮುಟ್ಟಿದ್ದೂ ಸ್ವರದ ರೂಪದಲ್ಲಿಯೇ. ಟಾವ್ ಮೋ ಎಂಬ ಹವಾಯಿ ಗಿಟಾರುವಾದಕ 1940ರ ದಶಕದಲ್ಲಿ ಸಂಸಾರದೊಡನೆ ಕಲ್ಕತ್ತದಲ್ಲಿ ಕೆಲವು ವರ್ಷ ನೆಲಸಿದ್ದ. ಮುಂದೆ ಹಿಂದಿ ಚಿತ್ರಗೀತೆಗಳಲ್ಲಿ ಎಳೆದೆಳೆದು ಹಾಡುವ ಆ ಗಿಟಾರು ಮನೆಮಾತಾಯಿತು. ಗೋಟುವಾದ್ಯದ ಜಾರುಸ್ವರವನ್ನು ಬಲ್ಲ ನಮ್ಮ ಕಿವಿಗೆ ಅದೇನೂ ಪರಕೀಯವಾಗಿ ತೋರಲಿಲ್ಲ.

ಈ ಗದ್ದಲದ ನಡುವೆ ಹಳೆಯ ಹುಲಾ ಎಲ್ಲಿತ್ತು? ಎಂದಿನಂತೆ ಮನೆಯಲ್ಲಿ. ಇಬ್ಬರು ಹೆಂಗಸರ ಬಾಳು ಇದಕ್ಕೆ ಸಾಕ್ಷಿ. ಕಾಊ ಸೀಮೆಯಲ್ಲಿ 1895ರಲ್ಲಿ ಹುಟ್ಟಿದ ಮೇರಿ ಕಾವೆನ ಪುಕುಯಿ ಎಳೆತನದಲ್ಲಿ ತಾಯಿಯ ತಾಯಿಯ ಮಡಿಲಲ್ಲಿ ಬೆಳೆದಳು. ಆ ಅಜ್ಜಿ ಎಮ್ಮಾ ರಾಣಿಯ ಆಸ್ಥಾನದಲ್ಲಿ ಹಾಡಿ ಕುಣಿದವಳು. ಅಜ್ಜಿಯಿಂದ ಬಂದ ಭಾಷೆ, ಹಾಡು, ಗಾದೆಗಳನ್ನು ಪುಕುಯಿ ಬಾಳೆಲ್ಲ ಬರೆದಿಟ್ಟಳು. ಸ್ಯಾಮ್ಯುಯೆಲ್ ಎಲ್ಬರ್ಟನೊಡನೆ 1957ರಲ್ಲಿ ಹೊರತಂದ ಹವಾಯಿ ನಿಘಂಟು ಇಂದಿಗೂ ಕೈದೀವಿಗೆ. ಇನ್ನೊಬ್ಬಳು ಇಒಲಾನಿ ಲುವಹಿನೆ, 1915ರಲ್ಲಿ ಹುಟ್ಟಿದವಳು. ಅವಳನ್ನು ಸಾಕಿ ಕಲಿಸಿದವಳು ಅಜ್ಜಿಯ ವರಸೆಯ ಕೇಆಹಿ ಲುವಹಿನೆ, ಅರಮನೆಯಲ್ಲಿ ಕುಣಿದ ಹಿರಿಯಳು. ಇಒಲಾನಿ ರಂಗಕ್ಕೆ ಬಂದಾಗ, ಹುಲಾ ಎಂದರೆ ಹೋಟೆಲಿನ ಮನರಂಜನೆಯೆಂದು ತಿಳಿದಿದ್ದ ಹವಾಯಿಯ ತರುಣರೇ ಬೆರಗಾದರು. ಆ ಎರಡು ಮನೆಗಳಲ್ಲಿ ಇಬ್ಬರು ಮುದುಕಿಯರು ‘ಇನ್ನು ಇದರಿಂದೇನು’ ಎಂದು ಸುಮ್ಮನಾಗಿದ್ದರೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ.

1960ರ ಮೇ ತಿಂಗಳಲ್ಲಿ ಚಿಲಿ ದೇಶದ ಭೂಕಂಪದಿಂದ ಎದ್ದ ಕಡಲ ಅಲೆ ಹವಾಯಿ ದ್ವೀಪದ ಹೀಲೊ ಪಟ್ಟಣವನ್ನು ಹಾಳುಮಾಡಿತು. ಊರಿನ ವ್ಯಾಪಾರ ಚೇತರಿಸಲೆಂದು 1964ರಲ್ಲಿ ಅಲ್ಲಿ ಒಂದು ಉತ್ಸವ ಪ್ರಾರಂಭವಾಯಿತು. ಕಲಾಕವುವನ ನೆನಪಿಗೆ ಅದಕ್ಕೆ ‘ಉಲ್ಲಾಸದ ಅರಸು’ ಎಂಬ ಅರ್ಥದ ಹೆಸರಿಟ್ಟರು. 1971ರಿಂದ ಅದರಲ್ಲಿ ಹುಲಾ ಸ್ಪರ್ಧೆ ಸೇರಿತು. 1976ರಲ್ಲಿ ಗಂಡಸರ ತಂಡಗಳಿಗೂ ಎಡೆಯಾಯಿತು. ವೆಬರನ ಚಿತ್ರದ ಆ ನರ್ತಕ ಇನ್ನೂರು ವರ್ಷಗಳ ತರುವಾಯ ರಂಗಕ್ಕೆ ಮರಳಿ ಬಂದನೆನ್ನಬೇಕು. 1978ರಲ್ಲಿ ಹವಾಯಿ ಭಾಷೆ ಇಂಗ್ಲಿಷಿನೊಡನೆ ರಾಜ್ಯದ ಅಧಿಕೃತ ಭಾಷೆಯಾಯಿತು. 1984ರಲ್ಲಿ ಆ ಭಾಷೆಯಲ್ಲೇ ಕಲಿಸುವ ಶಿಶುವಿಹಾರಗಳು ತೆರೆದುವು. 1999ರಲ್ಲಿ ಹುಲಾ ರಾಜ್ಯದ ಅಧಿಕೃತ ನೃತ್ಯವೆಂದು ಘೋಷಿತವಾಯಿತು. 1830ರಲ್ಲಿ ನಿಷೇಧಿಸಿದ ಅದೇ ನೆಲದ ಸರ್ಕಾರ ಹೀಗೆ ಗೌರವಿಸಲು ಒಂದು ನೂರ ಅರವತ್ತೊಂಬತ್ತು ವರ್ಷ ಹಿಡಿಯಿತು.

ಇನ್ನು ವ್ಯಾಯಾಮದ ಮಾತು. ಹುಲಾ ನೋಡಲು ಮೃದು, ಆಡಲು ಕಠಿಣ. ಸುಮ್ಮನೆ ಕುಳಿತಾಗ ಮೈ ವ್ಯಯಮಾಡುವ ಶಕ್ತಿಯನ್ನು ಒಂದು ಎಂದಿಟ್ಟುಕೊಂಡರೆ, ನಿಧಾನವಾದ ಹುಲಾಕ್ಕೆ ಅದರ ಐದಾರು ಪಟ್ಟು, ಬಿರುಸಿನ ಹುಲಾಕ್ಕೆ ಏಳು ಪಟ್ಟಿಗೂ ಮಿಕ್ಕು ಬೇಕೆಂದು ಅಳೆದು ನೋಡಿದ್ದಾರೆ. ರಕ್ತದೊತ್ತಡ ಹೆಚ್ಚಾಗಿದ್ದ 263 ಮಂದಿ ಮೂಲ ಹವಾಯಿಯವರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. ಇಬ್ಬರಿಗೂ ಆರೋಗ್ಯದ ಪಾಠ ಹೇಳಿ, ಒಂದು ಗುಂಪಿಗೆ ಮಾತ್ರ ಮೊದಲ ಮೂರು ತಿಂಗಳು ವಾರಕ್ಕೆರಡು ಸಲ ಹುಲಾ ಕಲಿಸಿದರು. ಆರು ತಿಂಗಳಿಗೆ ಒತ್ತಡದ ಮೇಲಿನ ಅಂಕ ಹುಲಾ ಆಡಿದವರಲ್ಲಿ ಸರಾಸರಿ 15ರಷ್ಟು ಇಳಿದಿತ್ತು, ಆಡದವರಲ್ಲಿ 12ರಷ್ಟು. ಅಂತರ ಭಾರಿಯೇನಲ್ಲ, ಆದರೂ ಗಣನೀಯ. ತಮ್ಮದೆಂದು ಅಭಿಮಾನಪಡುವ ಕುಣಿತವಾದ್ದರಿಂದ ಜನ ಬೇಸರಪಡದೆ ಬಂದರೆಂಬುದನ್ನೂ ನೆನೆಯಬೇಕು. ವೈದ್ಯರು ಹೇಳುವ ವಾರಕ್ಕೆ 150 ನಿಮಿಷಗಳ ವ್ಯಾಯಾಮ ನಮ್ಮಲ್ಲಿ ಎಷ್ಟೋ ಜನರಿಗೆ ಸಾಗದಿರುವುದು ಬೇಸರದ ದೆಸೆಯಿಂದಲೇ ಅಲ್ಲವೆ?

ಮನೆಯಲ್ಲಿ ಪ್ರಯತ್ನಿಸುವವರು ಹೀಗೆ ಮಾಡಬಹುದು. ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ಇಡುವಷ್ಟು ಸ್ಥಳ ಸಾಕು. ಬರಿಗಾಲು, ನೆಲ ಜಾರಬಾರದು. ಪಾದಗಳನ್ನು ಸಮನಾಗಿ, ತುಸು ಅಂತರದಲ್ಲಿ ಇಟ್ಟು, ಮೊಣಕಾಲನ್ನು ಸ್ವಲ್ಪ ಬಾಗಿಸಿ ನಿಲ್ಲಿ. ಬೆನ್ನು ನೆಟ್ಟಗಿರಲಿ, ತಲೆಯ ಮೇಲೆ ತುಂಬಿದ ಕೊಡ ಹೊತ್ತವರಂತೆ ಭುಜ ಅಲುಗದಿರಲಿ. ಈ ಬಾಗಿದ ನಿಲುವೇ ಹುಲಾದ ಬುನಾದಿ. ಮೊದಲ ದಿನ ತೊಡೆ ನೋಯುವುದೂ ಇದರಿಂದಲೇ. ಸೊಂಟವನ್ನು ಬಲವಂತವಾಗಿ ತಳ್ಳಬೇಡಿ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋದಂತೆ, ಬಾಗಿದ ಮೊಣಕಾಲಿನಿಂದ ಸೊಂಟ ತಾನೇ ತೂಗುತ್ತದೆ.

ಮೊದಲ ಹೆಜ್ಜೆ ಕಾಹೋಲೊ: ಬಲಗಾಲು ಬಲಕ್ಕೆ, ಎಡಗಾಲು ಜೊತೆಗೆ, ಮತ್ತೆ ಬಲಗಾಲು ಬಲಕ್ಕೆ, ಎಡಗಾಲು ಬಂದು ಮುಟ್ಟುವುದು, ನಾಲ್ಕು ಎಣಿಕೆ. ಅನಂತರ ಎಡಕ್ಕೆ ಹಾಗೆಯೇ. ಎರಡನೆಯದು ಹೇಲಾ: ಒಂದು ಕಾಲಿನ ಮೇಲೆ ಭಾರವಿಟ್ಟು ಇನ್ನೊಂದನ್ನು ಓರೆಯಾಗಿ ಮುಂದೆ ಚಾಚಿ ಹಿಂದಕ್ಕೆ ತರುವುದು. ಮೂರನೆಯದು ಅಮಿ: ಭುಜ ಅಲುಗದಂತೆ ಸೊಂಟವನ್ನು ಬೀಸುವ ಕಲ್ಲಿನಂತೆ ಮೆಲ್ಲನೆ ಸುತ್ತಿಸುವುದು. ವಾರವೊಂದಕ್ಕೆ ಈ ಮೂರೇ ಸಾಕು. ಮೊಣಕಾಲು ನೋವು, ನಡುನೋವು ಇರುವವರೂ ಬಸುರಿಯರೂ ಮೊದಲು ವೈದ್ಯರನ್ನು ಕೇಳಬೇಕು. ವಯಸ್ಸಾದವರು ನಿಲ್ಲಬೇಕಾಗಿಯೂ ಇಲ್ಲ. ಕುಳಿತು ಆಡುವ ಹುಲಾ ಹವಾಯಿಯಲ್ಲಿ ಹಿಂದಿನಿಂದಲೂ ಉಂಟು. ಕುರ್ಚಿಯಲ್ಲಿ ಕುಳಿತು ಕೈಯೆರಡನ್ನೂ ಆಡಿಸಿದರೂ ಅದು ಅರೆ ಹುಲಾ ಅಲ್ಲ.

ದೇವರ ಮೆಲೆಗಳಿಗೆ ಆಡುವ ಹಳೆಯ ಹುಲಾವನ್ನು ಗುರುವಿಲ್ಲದೆ ಅನುಕರಿಸದಿರುವುದು ಮರ್ಯಾದೆ. ಮನೆಯ ಅಭ್ಯಾಸಕ್ಕೆ ಗಿಟಾರು ಉಕುಲೇಲೆಗಳ ಹೊಸ ಬಗೆಯ ಹುಲಾಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಹೆಜ್ಜೆಗೆ ಮೊದಲು ಹಾಡಿನ ಅರ್ಥವನ್ನು ಹುಡುಕಿ ತಿಳಿದುಕೊಳ್ಳಿ: ಯಾವ ಊರಿನ ಹೂವು, ಯಾವ ಕಣಿವೆಯ ಮಳೆ, ಯಾರು ಯಾರಿಗಾಗಿ ಕಟ್ಟಿದ್ದು. ಆಮೇಲೆ ಕೈಯಿಂದ ಆ ಮಳೆಯನ್ನು ತೋರಿಸಿ. ಕೈಯ ಹಿಂದೆ ಕಣ್ಣೂ ಹೋಗಲಿ. ಬೆವರು ಹೇಗೂ ಬರುತ್ತದೆ. ಜೊತೆಗೆ, ಬರೆದಿಡಲು ಅಕ್ಷರವಿಲ್ಲದೆ ಮೈಯಲ್ಲೇ ನಾಡಿನ ನೆನಪನ್ನು ಇಟ್ಟುಕೊಂಡ ಒಂದು ಜನಾಂಗದ ಒಂದು ಮಾತಾದರೂ ನಿಮ್ಮ ಮನೆಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರನ್ನೂ ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ಹುಲಾ ಉಳಿದು ಬಂದದ್ದು ಆ ದಾರಿಯಲ್ಲಿಯೇ.